ಗಾಯ ಮಾಗಿತು, ಮನಸ್ಸು ಮಾಗಿತೇ?

ಕುದಿಯುವ ಗಂಜಿ ಮೈಮೇಲೆ ಬಿದ್ದ ಮಗು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳುತ್ತದೆ. ಅಲ್‌ಹಮ್ದುಲಿಲ್ಲಾಹ್ ಎಂದು ಎಲ್ಲರೂ ನಿರಾಳವಾಗುತ್ತಾರೆ. ಆದರೆ ರಾತ್ರಿ ಮಗು ಬೆಚ್ಚಿ ಎದ್ದು ಚೀರುತ್ತದೆ. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುತ್ತದೆ. ಅಡುಗೆ ಮನೆಯತ್ತ ಸುಳಿಯುವುದಿಲ್ಲ. ಇದು ಹಠವಲ್ಲ, ಭಯ.

ಮೊದಲ ಕೆಲವು ವಾರಗಳಲ್ಲಿ ಇಂತಹ ವರ್ತನೆ ಸಹಜ. ಗದರಬೇಡಿ, ನಾಚಿಕೆಪಡಿಸಬೇಡಿ. ಊಟ, ನಿದ್ದೆ, ಆಟ, ಮದ್ರಸಾ ಪಾಠ ಸಾಧ್ಯವಾದಷ್ಟು ಹಿಂದಿನಂತೆಯೇ ನಡೆಯಲಿ. ಬ್ಯಾಂಡೇಜ್ ಬದಲಿಸುವಾಗ "ನೋವೇ ಆಗುವುದಿಲ್ಲ" ಎಂದು ಸುಳ್ಳು ಹೇಳಬೇಡಿ. "ಸ್ವಲ್ಪ ನೋವಾಗುತ್ತದೆ, ನಾನು ಕೈ ಹಿಡಿದುಕೊಂಡಿರುತ್ತೇನೆ" ಎನ್ನಿ. ಒಮ್ಮೆ ಮೋಸ ಹೋದ ಮಗು ಮುಂದೆ ವೈದ್ಯರನ್ನೂ ನಂಬದು, ನಿಮ್ಮನ್ನೂ ನಂಬದು.

"ಉಮ್ಮಾನ ಮಾತು ಕೇಳದ್ದಕ್ಕೆ ಅಲ್ಲಾಹನು ಶಿಕ್ಷೆ ಕೊಟ್ಟ" ಎಂದು ಎಷ್ಟೋ ಮಕ್ಕಳು ಒಳಗೊಳಗೇ ಕೊರಗುತ್ತಾರೆ. ಇದು ಶಿಕ್ಷೆಯಲ್ಲ, ಅಪಘಾತ ಎಂದು ಬಾಯಿಬಿಟ್ಟು ಹೇಳಿ. ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖದಲ್ಲಿದ್ದ ಬಾಲಕ ಅಬೂ ಉಮೈರ್‌ನನ್ನು ಪ್ರವಾದಿ(ಸ)ರು ಹೆಸರು ಹಿಡಿದು ಕರೆದು ಹಕ್ಕಿಯ ಬಗ್ಗೆ ವಿಚಾರಿಸಿದರು. ಮಗುವಿನ ದುಃಖ ಅವರಿಗೆ ಸಣ್ಣದೆನಿಸಲಿಲ್ಲ.

ತಾಯಿಯನ್ನು ಮರೆಯದಿರಿ

ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆಗ ನೀನೆಲ್ಲಿದ್ದೆ?" ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವ ತಾಯಿ ಆ ಮಾತಿಗೆ ಕುಸಿದು ಹೋಗುತ್ತಾಳೆ. ಅಂತಹ ಮಾತನ್ನು ತಡೆಯುವ ಮೊದಲ ಹೊಣೆ ಪತಿಯದ್ದು. ರೋಗಿಯ ಭೇಟಿ ಪುಣ್ಯದ ಕೆಲಸ. ಆದರೆ ಮಗುವಿನೆದುರು "ಅಯ್ಯೋ, ಮುಖ ಹೀಗಾಯಿತಲ್ಲಾ" ಎನ್ನುವುದು ಭೇಟಿಯಲ್ಲ, ಇರಿತ.

ಅತ್ತರೆ ಸಬ್ರ್ ಕಳೆದುಕೊಂಡಂತೆ ಎಂದು ಕೆಲವರು ಭಾವಿಸುತ್ತಾರೆ. ಮಗನ ಅಗಲಿಕೆಯಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆದರೂ ಅವರು ಸಹನೆಯ ಮಾದರಿಯೇ. ಹಾಗೆಯೇ ಮನೆಯ ಇತರ ಮಕ್ಕಳಿಗೂ ದಿನಕ್ಕೆ ಸ್ವಲ್ಪ ಹೊತ್ತು ಮೀಸಲಿಡಿ. ಅವರೂ ಹೆದರಿದ್ದಾರೆ.

ಶಾಲೆಗೆ ಕಳಿಸುವ ಮುನ್ನ ಶಿಕ್ಷಕರನ್ನು ಕಾಣಿರಿ. ಕಲೆಯ ಬಗ್ಗೆ ಯಾರಾದರೂ ಕೇಳಿದರೆ "ಬಿಸಿ ಗಂಜಿ ಬಿದ್ದಿತ್ತು, ಈಗ ವಾಸಿಯಾಗಿದೆ" ಎಂಬ ಚಿಕ್ಕ ಉತ್ತರವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ತಿಂಗಳು ಕಳೆದರೂ ದುಃಸ್ವಪ್ನ, ಭಯ, ಮೌನ ಕಡಿಮೆಯಾಗದಿದ್ದರೆ ಮನೋವೈದ್ಯರ ಬಳಿ ಹೋಗಲು ಸಂಕೋಚ ಬೇಡ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದುಆ ಮಾಡಿರಿ, ಚಿಕಿತ್ಸೆಯನ್ನೂ ಮಾಡಿಸಿರಿ. ಚರ್ಮದ ಗಾಯಕ್ಕೆ ಮುಲಾಮು ಹಚ್ಚಿದ ನಾವು ಮನಸ್ಸಿನ ಗಾಯವನ್ನು ಹಾಗೆಯೇ ಬಿಡುವುದು ನ್ಯಾಯವೇ?