ವಿದ್ಯುತ್ ಪಾಟಿಯೂ ಅದರ ದುಭಾಷಿಯೂ

ಗಣಿತದ ಸೂತ್ರವನ್ನೂ ಭೂಪಟವನ್ನೂ ಕೈಬರಹದಿಂದಲೇ ಗಣಕಯಂತ್ರದ ತೆರೆಯ ಮೇಲೆ ಮೂಡಿಸುವ ಸಾಧನವೇ ಗ್ರಾಫಿಕ್ಸ್ ಟ್ಯಾಬ್ಲೆಟ್. ಈ ವಿದ್ಯುತ್ ಪಾಟಿಯು ಕಳುಹಿಸುವುದು ಅಕ್ಷರವನ್ನಲ್ಲ. ಲೇಖನಿಯ ಸ್ಥಾನ ಮತ್ತು ಒತ್ತಡಗಳನ್ನು ಸೂಚಿಸುವ ಅಂಕಿಗಳನ್ನು. ಅವುಗಳ ಅರ್ಥವನ್ನು ಗಣಕಕ್ಕೆ ತಿಳಿಸುವ ತಂತ್ರಾಂಶವೇ ಡ್ರೈವರ್ ಅಥವಾ ಚಾಲಕ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿಗೂ ಸಭೆಗೂ ನಡುವೆ ಭಾಗವತನು ನಿಲ್ಲುವಂತೆ, ಪಾಟಿಗೂ ಗಣಕಕ್ಕೂ ನಡುವೆ ಇದು ನಿಲ್ಲುತ್ತದೆ.

ಚಾಲಕಕ್ಕೆ ಎರಡು ನೆಲೆಗಳುಂಟು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ವ್ಯಾಕಾಮ್ ಪಾಟಿಗಳ ಚಾಲಕವು ವ್ಯವಸ್ಥೆಯ ತಿರುಳಾದ ಕರ್ನೆಲ್‌ನೊಳಗೇ ಇದೆ. ಅಲ್ಲಿಯ ದೋಷವು ಇಡೀ ಯಂತ್ರವನ್ನೇ ಸ್ತಬ್ಧಗೊಳಿಸಬಲ್ಲುದು. ಓಪನ್‌ಟ್ಯಾಬ್ಲೆಟ್‌ಡ್ರೈವರ್ ಎಂಬುದು ತಿರುಳಿನ ಹೊರಗೆ, ಬಳಕೆದಾರರ ನೆಲೆಯಲ್ಲಿ ನಡೆಯುವಂಥದು. ಕೆಟ್ಟರೆ ಸಾಮಾನ್ಯವಾಗಿ ಅದೊಂದೇ ನಿಲ್ಲುವುದು, ತಿದ್ದುವುದೂ ಸುಲಭ.

ಅಗ್ಗದ ಕೆಲವು ಪಾಟಿಗಳು ತಕ್ಕ ಚಾಲಕವಿಲ್ಲದಿದ್ದರೆ ಬರಿಯ ಮೌಸ್‌ನಂತೆ ವರ್ತಿಸುತ್ತವೆ. ಒತ್ತಡದ ಅರಿವು ಗಣಕಕ್ಕೆ ತಲುಪದು. ಇಂಥವಕ್ಕಾಗಿ ಡಿಜಿಮೆಂಡ್ ಯೋಜನೆಯವರು ಲಿನಕ್ಸ್ ಚಾಲಕಗಳನ್ನು ಬರೆದು ಉಚಿತವಾಗಿ ಹಂಚಿದರು. ಇದೂ ಒಂದು ದಾಸೋಹವೇ. ಆದುದರಿಂದ ಶಾಲೆಗೆ ಪಾಟಿಯನ್ನು ದಾನವಾಗಿ ನೀಡುವವರು ಬೆಲೆಯನ್ನಷ್ಟೇ ನೋಡದೆ, ಶಾಲೆಯ ಗಣಕಗಳಿಗೆ ಒಪ್ಪುವ ಚಾಲಕವುಂಟೇ ಎಂಬುದನ್ನೂ ವಿಚಾರಿಸತಕ್ಕದ್ದು. ಚಾಲಕವಿಲ್ಲದ ಪಾಟಿಯು ಮಕ್ಕಳ ಕೈ ಸೇರದೆ ಕಪಾಟಿನ ಪಾಲಾಗುತ್ತದೆ.