ಆಕಾಶದಿಂದ ಏರು ಅಳೆದ ಕತೆ

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು 55 ಕಿ.ಮೀ. ದಾರಿಯಲ್ಲಿ 57 ಸುರಂಗ ದಾಟುತ್ತದೆ. ಇಳಿಜಾರು ಐವತ್ತಕ್ಕೆ ಒಂದು: 50 ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ಅಷ್ಟಕ್ಕೇ ಹತ್ತುವ ಭಾರದ ಗಾಡಿಗೆ ಹೆಚ್ಚುವರಿ ಎಂಜಿನ್ ಬೇಕು. ಹಾಗಾಗಿ ಘಟ್ಟದಲ್ಲಿ ಹಳಿಗೆ ಜಾಡು ಹುಡುಕುವವರಿಗೆ ಮೊದಲು ಬೇಕಾದದ್ದು ನೆಲದ ಎತ್ತರ. ಸರ್ವೇ ಆಫ್ ಇಂಡಿಯಾದ ಟೊಪೊಶೀಟಿನಲ್ಲಿ ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 20 ಮೀಟರಿಗೊಂದು. ನಡುವಿನದನ್ನು ತಿಳಿಯಲು ಲೆವೆಲ್ ಯಂತ್ರ ಹೊತ್ತು ಕಾಡು ಹತ್ತಬೇಕಿತ್ತು.

1988ರಲ್ಲಿ ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹ ಬೆಳೆ, ಕೆರೆ, ಕಾಡುಗಳನ್ನು ಚೆನ್ನಾಗಿಯೇ ತೋರಿಸಿತು. ಜಾಡು ಹುಡುಕುವವರಿಗೆ ಮಾತ್ರ ಅದು ಚಪ್ಪಟೆ ಚಿತ್ರ. 1995ರ ಐಆರ್‌ಎಸ್-1ಸಿ 5.8 ಮೀಟರಿನಷ್ಟು ಸೂಕ್ಷ್ಮವಾಗಿ ಕಂಡಿತು. ವಾರೆಯಾಗಿ ನೋಡಿ ಎತ್ತರವನ್ನೂ ಹೇಳಬಲ್ಲುದಾಗಿತ್ತು. ತೊಡಕೆಂದರೆ, ಜೋಡಿ ಚಿತ್ರದ ಎರಡನೆಯದು ಸಿಗುತ್ತಿದ್ದುದು ಇನ್ನೊಂದು ದಿನದ ಸುತ್ತಿನಲ್ಲಿ. ಅಷ್ಟರಲ್ಲಿ ಬಿಸಿಲು ಬೇರೆ, ಮೋಡ ಬೇರೆ.

ಈ ತೊಡಕು ಬಿಡಿಸಿದ್ದು 2005ರ ಮೇ 5ರಂದು ಶ್ರೀಹರಿಕೋಟಾದಿಂದ ಏರಿದ ಕಾರ್ಟೊಸ್ಯಾಟ್-1. ಅದಕ್ಕೆ ಎರಡು ಕ್ಯಾಮೆರಾ: ಒಂದು 26 ಡಿಗ್ರಿ ಮುಂದಕ್ಕೆ ವಾಲಿದ್ದು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಮುಂದಿನದು ಕಂಡ ಗುಡ್ಡವನ್ನು ಸುಮಾರು 52 ಸೆಕೆಂಡು ಕಳೆದು ಹಿಂದಿನದೂ ಕಾಣುತ್ತದೆ. ನಮ್ಮ ಎರಡು ಕಣ್ಣು ದೂರ ಅಂದಾಜು ಮಾಡುವ ಹಾಗೆಯೇ ಎರಡು ಚಿತ್ರಗಳ ವ್ಯತ್ಯಾಸದಿಂದ ಎತ್ತರ ಲೆಕ್ಕಕ್ಕೆ ಸಿಗುತ್ತದೆ. ದೇಶದ ಎತ್ತರ-ನಕ್ಷೆ ಕಾರ್ಟೊಡೆಮ್ ಹುಟ್ಟಿದ್ದು ಹೀಗೆ. ನಾಲ್ಕಾರು ಜಾಡುಗಳನ್ನು ಕಚೇರಿಯಲ್ಲೇ ಕೂತು ಹೋಲಿಸಲು ಇದು ಧಾರಾಳ ಸಾಕು. ಹಳಿ ಹಾಕಲು ಸಾಲದು. ಕೆಲವು ಮೀಟರಿನ ತಪ್ಪು ಸೇತುವೆಗೆ ಆಗಿಬರುವುದಿಲ್ಲ.

ಮಲೆನಾಡಿನಲ್ಲಂತೂ ಕ್ಯಾಮೆರಾ ಅಳೆಯುವುದು ನೆಲವನ್ನಲ್ಲ, ಮರದ ನೆತ್ತಿಯನ್ನು. ಲೈಡಾರ್ ಬೇಕಾಗುವುದು ಇಲ್ಲಿಯೇ. ಹೆಲಿಕಾಪ್ಟರಿನಿಂದ ಸುರಿಯುವ ಲೇಸರ್ ಮಿಡಿತಗಳಲ್ಲಿ ಕೆಲವಾದರೂ ಎಲೆಗಳ ಸಂದಿಯಲ್ಲಿ ನುಸುಳಿ ಮಣ್ಣು ಮುಟ್ಟಿ ಮರಳುತ್ತವೆ. 508 ಕಿ.ಮೀ. ಉದ್ದದ ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಸರ್ವೇ ನಡೆದದ್ದು ಹೀಗೆಯೇ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ವಾರಗಳ ಲೆಕ್ಕಕ್ಕೆ ಇಳಿಯಿತು.

ನನಗೆ ಕಂಡಂತೆ, ತಂತ್ರಜ್ಞಾನಕ್ಕಿಂತ ತಡವಾಗಿ ಬಂದದ್ದು ಪರವಾನಗಿ. ನಿಖರ ನಕ್ಷೆ ಮಾಡಲು ಭಾರತೀಯ ಕಂಪನಿಗಳು ಮುಂಚಿತ ಅನುಮತಿ ಬೇಡಬೇಕಿಲ್ಲ ಎಂದು ಸರ್ಕಾರ ಹೇಳಿದ್ದು 2021ರ ಫೆಬ್ರುವರಿಯಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಪಿಎಂ ಗತಿಶಕ್ತಿ ಯೋಜನೆ ಕಾಡು, ಕೊಳವೆಮಾರ್ಗ, ಹೆದ್ದಾರಿಗಳನ್ನು ಒಂದೇ ಪರದೆಗೆ ತಂದಿತು. ಜಮೀನಿನ ಗಡಿಯ ವಿಷಯ ಬೇರೆ. ಹಳೇ ಗ್ರಾಮನಕ್ಷೆ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂರದಿರುವುದೇ ಹೆಚ್ಚು. ಭೂಸ್ವಾಧೀನದ ಜಂಟಿ ಅಳತೆಗೆ ಸರ್ವೇಯರ್ ಇವತ್ತಿಗೂ ಹೊಲಕ್ಕೇ ಬರಬೇಕು.