ದಕ್ಷಿಣ ದಿಗಂತದ ಕಿರಿಯ ಗೆಲಾಕ್ಸಿ

ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ, ರಾತ್ರಿ ಒಂಬತ್ತು ಗಂಟೆಯ ವೇಳೆಗೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬಯಲಿನಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಅಗಸ್ತ್ಯ ನಕ್ಷತ್ರವು ಉಜ್ವಲವಾಗಿ ಬೆಳಗುವುದನ್ನು ಕಾಣಬಹುದು. ಅದರ ಕೆಳಗೆ, ಕಬ್ಬಿನ ಗದ್ದೆಗಳಾಚೆ ನೆಲವೂ ಮುಗಿಲೂ ಕೂಡುವೆಡೆಯಲ್ಲಿ, ಕಣ್ಣಿಗೆ ಏನೂ ತೋರದು. ಆದರೆ ಆ ಹೊತ್ತಿಗೆ ಅಲ್ಲಿ ಒಂದು ಇಡೀ ಗೆಲಾಕ್ಸಿಯೇ ದಿಗಂತದಿಂದ ತುಸು ತಲೆಯೆತ್ತಿರುತ್ತದೆ. ಅದರ ಹೆಸರು ದೊಡ್ಡ ಮೆಗೆಲನ್ ಮೋಡ.

ಇರುವ ವಸ್ತು ಕಾಣದಿರಲು ಕಾರಣವೇನು? ಈ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16½ ಡಿಗ್ರಿ ಅಕ್ಷಾಂಶದಲ್ಲಿವೆ. ಆದುದರಿಂದ ಉತ್ತರದಲ್ಲಿ ಧ್ರುವನಕ್ಷತ್ರವು ಸುಮಾರು ಅಷ್ಟೇ ಡಿಗ್ರಿ ಮೇಲಿರುತ್ತದೆ. ಆಕಾಶದ ದಕ್ಷಿಣ ಧ್ರುವಬಿಂದುವು ಅಷ್ಟೇ ಡಿಗ್ರಿ ನೆಲದಿಂದ ಕೆಳಗಿರುತ್ತದೆ. ಮೆಗೆಲನ್ ಮೋಡವು ಆ ಬಿಂದುವಿನಿಂದ ಸುಮಾರು 20 ಡಿಗ್ರಿ ದೂರದಲ್ಲಿದೆ. ಹೀಗಾಗಿ ಅದು ಇಲ್ಲಿ ನಾಲ್ಕು ಡಿಗ್ರಿಯಷ್ಟೂ ಮೇಲೇರದು. ತೋಳು ಚಾಚಿ ಹಿಡಿದ ಎರಡು ಬೆರಳುಗಳ ಅಗಲದಷ್ಟೇ ಆ ಎತ್ತರ. ದಿಗಂತದ ದೂಳು, ಮಂಜುಗಳು ಅದರ ಮಂದ ಬೆಳಕನ್ನು ನುಂಗಿಬಿಡುತ್ತವೆ.

ದಕ್ಷಿಣಾರ್ಧಗೋಳದ ಜನರಿಗೆ ಇದು ಅನಾದಿಕಾಲದಿಂದಲೂ ಪರಿಚಿತ. 1519ರಲ್ಲಿ ಹೊರಟ ಮೆಗೆಲನನ ನೌಕಾಯಾತ್ರೆಯ ಬಳಿಕ ಯುರೋಪಿಯನ್ನರು ಅದಕ್ಕೆ ಅವನ ಹೆಸರನ್ನು ಅಂಟಿಸಿದರು. ಹೆಸರು ಮೋಡವೆಂದಿದ್ದರೂ ಅದು ಕೋಟಿಗಟ್ಟಲೆ ನಕ್ಷತ್ರಗಳ ಸಮೂಹ. ಅದು ಸುಮಾರು 1 ಲಕ್ಷ 60 ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿದೆ. ನಮ್ಮ ಆಕಾಶಗಂಗೆಯ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಇದರದು ಸುಮಾರು 30 ಸಾವಿರ. ಆದುದರಿಂದ ಇದು ಕುಬ್ಜ ಗೆಲಾಕ್ಸಿ.

ಆಕಾಶಗಂಗೆಗೆ ಸುರುಳಿಯಾಕಾರದ ಹಲವು ತೋಳುಗಳಿವೆ. ಈ ಕುಬ್ಜ ಗೆಲಾಕ್ಸಿಯಲ್ಲಿ ಎದ್ದು ಕಾಣುವ ತೋಳು ಒಂದೇ. ನಕ್ಷತ್ರಗಳಿಂದಾದ ದಂಡದಂತಹ ಪಟ್ಟಿಯೊಂದಿದೆ. ಅದೂ ನಟ್ಟನಡುವೆ ಇರದೆ ಒಂದು ಕಡೆಗೆ ಸರಿದಿದೆ. 1950ರ ದಶಕದಲ್ಲಿ ವಾಕುಲರ್ ಎಂಬ ಖಗೋಳವಿಜ್ಞಾನಿ ಈ ಸುರುಳಿಯ ಲಕ್ಷಣವನ್ನು ಗುರುತಿಸಿದನು. ಇಂತಹ ಗೆಲಾಕ್ಸಿಗಳಿಗೆ ಈಗ ಮೆಗೆಲನ್ ಮಾದರಿಯ ಸುರುಳಿಗಳೆಂದೇ ಹೆಸರು. ಇದರಲ್ಲಿ ಅನಿಲವು ಹೇರಳವಾಗಿರುವುದರಿಂದ ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇವೆ. ಇಲ್ಲಿನ ಟ್ಯಾರಂಟುಲ ನೀಹಾರಿಕೆಯು ಅಂತಹ ಒಂದು ಬೃಹತ್ ತೊಟ್ಟಿಲು.

ಈ ಮೋಡವೂ ಅದರ ಜೊತೆಗಾರನಾದ ಚಿಕ್ಕ ಮೆಗೆಲನ್ ಮೋಡವೂ ವಿಶ್ವವನ್ನು ಅಳೆಯುವ ಕೋಲನ್ನು ಮಾನವನಿಗೆ ಒದಗಿಸಿದವು. ಕೃಷ್ಣೆಯ ಈಚೆಯ ದಡದಲ್ಲಿ ನಿಂತವನಿಗೆ ಆಚೆಯ ಊರಿನ ದೀಪಗಳೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ಅವುಗಳಲ್ಲಿ ಒಂದು ಹೆಚ್ಚು ಬೆಳಗಿದರೆ ಅದು ನಿಜವಾಗಿಯೂ ದೊಡ್ಡ ದೀಪವೇ ಸರಿ. ಒಂದು ಮೋಡದ ನಕ್ಷತ್ರಗಳ ವಿಷಯವೂ ಹಾಗೆಯೇ. ಅಮೆರಿಕದ ಹೆನ್ರಿಯೆಟ್ಟ ಲೆವಿಟ್ ಎಂಬ ಮಹಿಳೆ ಈ ಮೋಡಗಳ ಛಾಯಾಚಿತ್ರಗಳನ್ನು ಪರೀಕ್ಷಿಸಿ, 1908ರಲ್ಲಿ 1777 ಚಂಚಲ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದಳು. ಚಿಕ್ಕ ಮೋಡದ 25 ನಕ್ಷತ್ರಗಳನ್ನು ಹೋಲಿಸಿ, ಕಾಂತಿಯ ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರದ ನಿಜಕಾಂತಿ ಅಧಿಕವೆಂಬ ನಿಯಮವನ್ನು 1912ರಲ್ಲಿ ತೋರಿಸಿದಳು. ಅವಧಿಯಿಂದ ನಿಜಕಾಂತಿ ತಿಳಿದರೆ, ಕಾಣುವ ಕಾಂತಿಯೊಡನೆ ಹೋಲಿಸಿ ದೂರವನ್ನು ಗಣಿಸಬಹುದು. ಈ ನಿಯಮದ ಬಲದಿಂದಲೇ 1920ರ ದಶಕದಲ್ಲಿ ಹಬಲ್, ಆಂಡ್ರೊಮಿಡ ನಮ್ಮ ಆಕಾಶಗಂಗೆಯ ಹೊರಗಿನ ಬೇರೊಂದು ಗೆಲಾಕ್ಸಿಯೆಂದು ಸಿದ್ಧಪಡಿಸಿದನು.

1987ರ ಫೆಬ್ರವರಿಯಲ್ಲಿ ದೊಡ್ಡ ಮೋಡವು ಇನ್ನೊಂದು ಪಾಠವನ್ನು ಕಲಿಸಿತು. ಅಲ್ಲಿನ ಒಂದು ನಕ್ಷತ್ರವು ಸಿಡಿದು ಬರಿಗಣ್ಣಿಗೂ ಕಾಣುವಂತಾಯಿತು. 1604ರ ನಂತರ ಬರಿಗಣ್ಣಿಗೆ ಸ್ಪಷ್ಟವಾಗಿ ಗೋಚರಿಸಿದ ಮೊದಲ ಸೂಪರ್ನೋವ ಅದು. ಬೆಳಕು ತಲುಪುವುದಕ್ಕೆ ಕೆಲವು ಗಂಟೆಗಳ ಮೊದಲೇ ಅದರ ನ್ಯೂಟ್ರಿನೊ ಕಣಗಳು ಜಪಾನ್ ಮೊದಲಾದೆಡೆಗಳ ನೆಲದಾಳದ ಉಪಕರಣಗಳಲ್ಲಿ ದಾಖಲಾದವು. ನಕ್ಷತ್ರದ ಒಡಲು ಕುಸಿಯುವುದರಿಂದ ಇಂತಹ ಸ್ಫೋಟವಾಗುತ್ತದೆಂಬ ಊಹೆಗೆ ಹೀಗೆ ಪ್ರತ್ಯಕ್ಷ ಪ್ರಮಾಣ ದೊರೆಯಿತು. ಸಿಡಿದದ್ದು ನಿರೀಕ್ಷಿಸಿದಂತೆ ಕೆಂಪು ದೈತ್ಯವಲ್ಲ, ನೀಲಿ ದೈತ್ಯ. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಅದನ್ನು ಅಭ್ಯಸಿಸಿದರು. ಆ ಸ್ಫೋಟದ ನಡುವೆ ನ್ಯೂಟ್ರಾನ್ ನಕ್ಷತ್ರವೊಂದು ಉಳಿದಿದೆ ಎಂಬುದಕ್ಕೆ ವೆಬ್ ದೂರದರ್ಶಕದ ಮೂಲಕ ದೊರೆತ ಸಾಕ್ಷ್ಯವು 2024ರಲ್ಲಿ ಪ್ರಕಟವಾಯಿತು.

1987ರಲ್ಲಿ ಕಂಡ ಆ ಬೆಳಕು ಹೊರಟದ್ದು ಸುಮಾರು 1 ಲಕ್ಷ 60 ಸಾವಿರ ವರ್ಷಗಳ ಹಿಂದೆ. ಆಗ ಭೂಮಿಯ ಮೇಲೆ ಊರೂ ಇರಲಿಲ್ಲ, ಉಳುಮೆಯೂ ಇರಲಿಲ್ಲ. ಅದು ದಾರಿಯಲ್ಲಿದ್ದಾಗಲೇ ಮಾನವನು ಬೆಂಕಿಯ ಸುತ್ತ ಕುಳಿತ ಕಾಲದಿಂದ ದೂರದರ್ಶಕವನ್ನು ರಚಿಸುವ ಕಾಲಕ್ಕೆ ಬಂದನು; ಬೆಳಕು ತಲುಪಿದಾಗ ಅದನ್ನು ಓದಬಲ್ಲವನಾಗಿದ್ದನು.

ದಕ್ಷಿಣಕ್ಕೆ ಹೋದಂತೆಲ್ಲ ಈ ಮೋಡವು ಮೇಲೇರುತ್ತದೆ. ಕನ್ಯಾಕುಮಾರಿಯಲ್ಲಿ ಅದು ದಿಗಂತದಿಂದ ಸುಮಾರು 12 ಡಿಗ್ರಿ ಎತ್ತರಕ್ಕೆ ಬರುತ್ತದೆ. ಚಂದ್ರನಿಲ್ಲದ ನಿರ್ಮಲವಾದ ರಾತ್ರಿಯಲ್ಲಿ, ಊರ ದೀಪಗಳಿಂದ ದೂರ ನಿಂತು ಅರಸುವವರಿಗೆ ಅಲ್ಲಿ ಅದು ಮಸುಕಾದ ಬೆಳಕಿನ ತೇಪೆಯಂತೆ ಕಾಣಿಸೀತು. ಜಮಖಂಡಿಯ ಬಯಲಿನಲ್ಲಿ ಅದು ಕಣ್ಣಿಗೆ ಕಾಣದಿದ್ದರೂ, ಯಾವ ದಿಕ್ಕಿನಲ್ಲಿ, ಯಾವ ಹೊತ್ತಿನಲ್ಲಿ ಇದೆಯೆಂಬುದನ್ನು ಲೆಕ್ಕಾಚಾರದಿಂದ ತಿಳಿಯಬಹುದು.